ಬುಟ್ಟಿಯ ರೊಟ್ಟಿ

ನನ್ನ ಅವ್ವನಿಗೆ ಎರಡು ಹುಟ್ಟುಹಬ್ಬ. ಒಂದು ಜೂನ್ 1. ಶಾಲೆಗೆ ಸೇರಿಸಿದ ದಿನ ಮಾಸ್ತರರು ಅವಳ ಬಲಗೈಯನ್ನು ತಲೆಯ ಮೇಲಿಂದ ಬಳಸಿ, ಎಡಗಿವಿ ಮುಟ್ಟಿತೆಂದು ಖಾತ್ರಿ ಮಾಡಿಕೊಂಡು ದಯಪಾಲಿಸಿದ ತಾರೀಕು. ಆ ಕಾಲದ ಅರ್ಧ ಕರ್ನಾಟಕ ಹುಟ್ಟಿದ್ದೇ ಜೂನ್ ಒಂದರಂದು. ಅದಕ್ಕೇ ಮೇ 31ರಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲುಗಳ ಸುಗ್ಗಿ.

ಇನ್ನೊಂದು ಖರೇ ಹುಟ್ಟುಹಬ್ಬ. ಅದಕ್ಕೆ ತಾರೀಕಿಲ್ಲ. “ಬನದ ಹುಣ್ಣಿಮಿ ಇನ್ನೂ ಎರಡು ದಿನ ಇತ್ತಂತ, ನಸುಕಿನ್ಯಾಗ ಹುಟ್ಟೀನಂತ.” ದಾಖಲೆ ಅಂತಿರುವುದು ಇಷ್ಟೇ.

ಎಪ್ಪತ್ತು ತುಂಬುವ ಸಲ ಈ ಖರೇ ಹುಟ್ಟುಹಬ್ಬ ಮಾಡಿಯೇ ಬಿಡುವುದೆಂದು, ಎಲ್ಲಿಗಾದರೂ ಎರಡು ರಾತ್ರಿ ಹೋಗಿಬರುವುದೆಂದು ಮನೆಯಲ್ಲಿ ಠರಾವಾಯಿತು. ಮಗಳು ಮೊಬೈಲಿನಲ್ಲಿ ಪಂಚಾಂಗ ತೆಗೆದಳು. 2025ರಲ್ಲಿ ಜನವರಿ 13ಕ್ಕೆ ಬಂದಿದ್ದ ಬನದ ಹುಣ್ಣಿಮೆ 2026ಕ್ಕೆ ಹಿಂದೆ ಸರಿದು ಜನವರಿ 3ಕ್ಕೆ ಕೂತಿತ್ತು. ಎರಡು ದಿನ ಕಳೆದರೆ ಜನವರಿ 1! ಜೂನ್ ಒಂದರಿಂದ ತಪ್ಪಿಸಿಕೊಂಡು ಬಂದವಳನ್ನು ಜನವರಿ ಒಂದು ಹಿಡಿದುಕೊಂಡಿತ್ತು. ಹೊಸ ವರ್ಷದ ದಿನ ಹುಟ್ಟುವವರಿಗೆ ಲೋಕವೆಲ್ಲ ಪಟಾಕಿ ಹಾರಿಸುತ್ತದೆ, ನಿಜ. ಆದರೆ ಆ ಲೋಕವೇ ಎಲ್ಲ ಊರಿನ ಎಲ್ಲ ರೂಮುಗಳನ್ನೂ ಮೊದಲೇ ಹಿಡಿದಿಟ್ಟಿರುತ್ತದೆ. ಅದಕ್ಕೇ ಅಕ್ಟೋಬರಿನಲ್ಲೇ ಚರ್ಚೆ ಶುರುವಾಯಿತು.

ಮಗ ಮುಳ್ಳಯ್ಯನಗಿರಿ ಎಂದ. 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ, ಬೆಳಿಗ್ಗೆ ಎದ್ದರೆ ಮೋಡ ಕಾಲ ಕೆಳಗೆ. ಮೋಡ ಕಾಲ ಕೆಳಗೆ ಬರಬೇಕಾದರೆ ಕಾಲು ಮೆಟ್ಟಿಲು ಹತ್ತಬೇಕಲ್ಲಪ್ಪ ಎಂದು ಅವನ ಅಜ್ಜಿಯ ಮೊಣಕಾಲನ್ನು ನೆನಪಿಸಿದೆ. ಹೆಂಡತಿಯದು ಕೊಡಗು. ಕಾಫಿ ಕೊಯ್ಲಿನ ಕಾಲ, ಕಣದ ತುಂಬ ಕೆಂಪು ಹಣ್ಣು ಹರವಿರುತ್ತಾರೆ, ಬಿಸಿ ಲೋಟ ಹಿಡಿದು ಜಗಲಿಯ ಮೇಲೆ ಸುಮ್ಮನೆ ಕೂತರೆ ಸಾಕು ಎಂದಳು. ಅವ್ವ ಚಹಾದವಳು. ಸುಮ್ಮನೆ ಕೂರುವುದಂತೂ ಅವಳಿಗೆ ಗೊತ್ತೇ ಇಲ್ಲ. ಮಗಳಿಗೆ ಜೋಗ ಬೇಕಿತ್ತು. ಆದರೆ ಮಳೆಗಾಲದಲ್ಲಿ 253 ಮೀಟರಿನಿಂದ ಧುಮುಕುವ ರಾಜ, ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತ ಮೇಲೆ, ಜನವರಿ ಹೊತ್ತಿಗೆ ಜನಿವಾರದ ಎಳೆಯಾಗಿರುತ್ತಾನೆ.

ನಾನು ಬೀದರಿನ ವಕಾಲತ್ತು ವಹಿಸಿದೆ. ಚಳಿಗಾಲ ಅಂದಮೇಲೆ ಚಳಿ ಇರುವ ಕಡೆ ಹೋಗಬೇಕು ಎಂದೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಅದರ ಗೋಡೆಗೆ ಇನ್ನೂ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ ಬಿಲ್ಲೆಗಳು, ಕೋಟೆಯ ಮಣ್ಣು ಹಾಕಿ ಕುದಿಸಿದರೆ ಮಾತ್ರ ಕಪ್ಪೇರುವ ಬಿದರಿ ಹೂಜಿಗಳು ಎಂದು ಹತ್ತು ನಿಮಿಷ ಮಾತಾಡಿದೆ. “ಏಳುನೂರು ಕಿಲೋಮೀಟರ್ ಹೋಗಿ ಬರೋದ್ರಲ್ಲೇ ಎರಡು ರಾತ್ರಿ ಮುಗಿಯುತ್ತೆ” ಎಂದು ಹೆಂಡತಿ ಒಂದೇ ವಾಕ್ಯದಲ್ಲಿ ಬಹಮನಿ ರಾಜ್ಯವನ್ನು ಉರುಳಿಸಿದಳು.

ಈಗ ಯೋಚಿಸಿದರೆ ನಗು ಬರುತ್ತದೆ. ನಮ್ಮ ನಮ್ಮ ಆಸೆಗಳಿಗೆ ಅವ್ವನ ಹೆಸರಿನ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದೆವು. ದೇವರ ಹೆಸರಿನಲ್ಲಿ ಪಾಯಸ ಮಾಡುವುದು, ದೇವರಿಗೆ ಸಕ್ಕರೆ ಎಷ್ಟಿರಬೇಕೆಂದು ನಾವು ಜಗಳಾಡುವುದು.

ದೇವರನ್ನೇ ಕೇಳಬಹುದೆಂದು ಹೊಳೆದದ್ದು ನಾಲ್ಕನೆಯ ದಿನ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಸರು ಹೊಯ್ದು ನಾದಿದ ಜೋಳದ ಹಿಟ್ಟು ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಗುತ್ತಿತ್ತು. ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿದಳು. “ಅವ್ವಾ, ನಿನಗ ಎಲ್ಲಿಗೆ ಹೋಗಬೇಕು ಅನಸ್ತದ?” ಎಂದೆ. ಮಗುಚಿ ಹಾಕಿ, ರೊಟ್ಟಿ ಉಬ್ಬುವವರೆಗೂ ಸುಮ್ಮನಿದ್ದು, “ಬನಶಂಕರಿಗೆ ಹೋಗೂಣು” ಎಂದಳು.

“ಅಲ್ಲಿಗೆ ಮೆಟ್ರೋ ಇದೆಯಲ್ಲ ಅಜ್ಜಿ! ಅರ್ಧ ಗಂಟೆ” ಎಂದಳು ಮಗಳು. ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳಿಗೆ ಬನಶಂಕರಿ ಎಂದರೆ ಹಸಿರು ಮಾರ್ಗದ ಒಂದು ಸ್ಟೇಷನ್ನು. ಬಾದಾಮಿಯಿಂದ ಐದು ಕಿಲೋಮೀಟರಿನಾಚೆ, ಚೊಳಚಗುಡ್ಡದ ಮಗ್ಗುಲಲ್ಲಿ ಕೂತಿರುವ ಬನಶಂಕರಿಯ ವಿಷಯವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ.

ಆಮೇಲೆ ಅವ್ವ ಹೇಳಿದ್ದು ನನಗೂ ಹೊಸದು. ರೋಣದ ಕಡೆಯ ಅವಳ ತವರಿನಿಂದ ರಾತ್ರಿಯೆಲ್ಲ ಚಕ್ಕಡಿ ಹೊಡೆದುಕೊಂಡು ಜಾತ್ರೆಗೆ ಬರುತ್ತಿದ್ದರಂತೆ. ಹುಣ್ಣಿಮೆಯ ತೇರು, ಹಿಂದಿನ ದಿನ ದೇವಿಗೆ 108 ಬಗೆಯ ಪಲ್ಯ ಎಡೆ ಹಿಡಿಯುವ ಪಲ್ಯದ ಹಬ್ಬ, ರಾತ್ರಿ ಕಂಪನಿ ನಾಟಕ. ಚಕ್ಕಡಿಯಲ್ಲಿ ಬುತ್ತಿಯ ಗಂಟು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಗುಡಿಯ ಹತ್ತಿರ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ರೊಟ್ಟಿ ಮಾರಲು ಬರುತ್ತಿದ್ದರು. ಬುಟ್ಟಿಯಲ್ಲಿ ಸಣ್ಣ ಸಣ್ಣ ಗಡಿಗೆಗಳಲ್ಲಿ ಗಟ್ಟಿ ಮೊಸರು. ಆ ರೊಟ್ಟಿ ಬೇಕೆಂದು ಎಂಟು ವರ್ಷದ ಅವ್ವ ಹಟ ಹಿಡಿದಳಂತೆ. “ಮನ್ಯಾಗ ರೊಟ್ಟಿಗೆ ಬರಗಾಲ ಬಂದೈತೇನು?” ಎಂದು ಅವಳಪ್ಪ ಗದರಿದನಂತೆ. ಮದುವೆಯಾದ ಮೇಲೂ ನಾಲ್ಕಾರು ಸಲ ಜಾತ್ರೆಗೆ ಹೋದಳು. ಆಗಲೂ ಬುತ್ತಿ ಇತ್ತು. ಕಟ್ಟಿದವಳು ತಾನೇ.

“ಅಂದರ ನೀ ಇನ್ನೂ ಆ ರೊಟ್ಟಿ ತಿಂದೇ ಇಲ್ಲೇನು?” ಎಂದೆ.

“ಎಲ್ಲಿ ತಿನ್ನೂದು? ಕೈಯಾಗ ಗಂಟು ಇತ್ತಲ್ಲ.”

ಮಗಳು ಲೆಕ್ಕ ಹಾಕಿದಳು. ದಿನಕ್ಕೆ ಇಪ್ಪತ್ತು ರೊಟ್ಟಿಯಂತೆ ಐವತ್ತು ವರ್ಷ ಎಂದರೆ 3,65,000. “ಎಣಸಬ್ಯಾಡ, ದೃಷ್ಟಿ ಆಗತೈತಿ” ಎಂದು ಅವ್ವ ಇನ್ನೊಂದು ಉಂಡೆ ಕೈಗೆತ್ತಿಕೊಂಡಳು. ಅಲ್ಲಿಗೆ ಮುಳ್ಳಯ್ಯನಗಿರಿಯಿಂದ ಬೀದರಿನವರೆಗೆ ಎಲ್ಲವೂ ಪಟ್ಟಿಯಿಂದ ಬಿದ್ದುಹೋದವು.

ಹಾದಿಯ ಚಿಂತೆಯೂ ಇರಲಿಲ್ಲ. ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಬಾದಾಮಿ. ಹಗಲು ಒಂದಿಷ್ಟೂ ಪೋಲಾಗುವುದಿಲ್ಲ. ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಪಕ್ಕದ ಬೋಗಿಯ ಹುಡುಗರು ಹೋ ಎಂದು ಕೂಗಿದಾಗ ಅವ್ವ ಕೌದಿಯಿಂದ ಮುಖ ಹೊರಹಾಕಿ, “ಯಾರ ಮದವಿ?” ಎಂದು ಕೇಳಿ ಮತ್ತೆ ಮಲಗಿದಳು. ಎಪ್ಪತ್ತು ತುಂಬಿದ್ದು ಹೀಗೆ.

ಬಾದಾಮಿಯಲ್ಲಿ ಮಕ್ಕಳು 578ರ ಶಾಸನವಿರುವ ಮೂರನೆಯ ಗುಹೆಗೆ ಹತ್ತಿದರು. ಅವ್ವ ಕೆಳಗೇ ಚಹಾ ಕುಡಿಯುತ್ತ ಕೂತು, ಕೆಂಪು ಬಂಡೆಯ ಮೇಲಿನ ಕೋತಿಗಳ ಸಂಸಾರ ವಿಚಾರಿಸಿಕೊಂಡಳು. ನಡುಹಗಲಿಗೆ ಬನಶಂಕರಿ ಮುಟ್ಟಿದೆವು. ತೇರಿಗೆ ಇನ್ನೂ ಎರಡು ದಿನ. ಅಂಗಡಿಗಳ ಗೂಟ ಬಡಿಯುತ್ತಿದ್ದರು, ನಾಟಕ ಕಂಪನಿಯ ತಗಡು ಮೇಲೇರುತ್ತಿತ್ತು. ಕೈಮುಗಿದು ಬಂದು ಹರಿದ್ರಾತೀರ್ಥದ ಹೊಂಡದ ಸುತ್ತಲಿನ ಕಲ್ಲುಕಂಬದ ಸಾಲಿನಲ್ಲಿ ನೆರಳು ಹಿಡಿದು ಕೂತೆವು. ಕೂತು ಐದು ನಿಮಿಷವೂ ಆಗಿರಲಿಲ್ಲ, “ರೊಟ್ಟಿ ಬೇಕೇನ್ರಿ, ರೊಟ್ಟಿ ಮಸರು” ಎನ್ನುತ್ತ ಇಳಕಲ್ ಸೀರೆಯ ಹೆಂಗಸೊಬ್ಬಳು ಬಂದು ಬುಟ್ಟಿ ಇಳಿಸಿದಳು.

ನಮಗೆಲ್ಲ ಒಂಥರಾ ಹೆದರಿಕೆ. ಅರವತ್ತು ವರ್ಷ ಕಾಯ್ದ ರೊಟ್ಟಿ. ಆಕೆ ಅದನ್ನು ಅವ್ವನ ಅಂಗೈ ಮೇಲಿಟ್ಟು, ಮೇಲೆ ಮಡಕಿಕಾಳಿನ ಪಲ್ಯ, ಕೆಂಪು ಚಟ್ನಿ ಬಡಿಸಿ, ಪಕ್ಕದಲ್ಲೊಂದು ಮೊಸರಿನ ಗಡಿಗೆ ಇಟ್ಟಳು. ಅವ್ವ ಅಂಚನ್ನು ಎರಡು ಬೆರಳಿನಿಂದ ಹಿಸುಕಿ ದಪ್ಪ ನೋಡಿದಳು. ತುಣುಕು ಮುರಿದು ಮೂಸಿದಳು. ಬಾಯಿಗಿಟ್ಟು ಕಣ್ಣು ಮುಚ್ಚಿ ನಿಧಾನ ಅಗಿದಳು. ಹೆಂಗಸು ಸೊಂಟದ ಮೇಲೆ ಕೈಯಿಟ್ಟು, “ಹೆಂಗೈತ್ರಿ ಅಮ್ಮಾರ?” ಎಂದಳು.

ಅವ್ವ ಅವಳಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ಅಪ್ಪ ಹೇಳಿದ್ದು ಖರೇನ ಐತಿ ನೋಡು. ಮನಿ ರೊಟ್ಟಿನ ಛಲೋ.”

ಆಮೇಲೆ ಖಾಲಿ ಅಂಗೈಯನ್ನು ಬುಟ್ಟಿಯತ್ತ ಚಾಚಿದಳು. “ಇನ್ನೊಂದ ಹಾಕವಾ. ಮಸರು ಕಮ್ಮಿ ಮಾಡಬ್ಯಾಡ.”