ಯಜಮಾನನ ಇನ್ನೊಂದು ಜೊತೆ ಕಣ್ಣು

ಗಲ್ಲಾಪೆಟ್ಟಿಗೆಯ ಮುಂದೆ ಯಜಮಾನನೇ ಕುಳಿತಿರುವಷ್ಟು ಕಾಲ ಅಂಗಡಿಗೆ ಆಡಿಟರನ ಅಗತ್ಯ ತೋರುವುದಿಲ್ಲ. ಮಾರತ್ತಹಳ್ಳಿಯ ಸೇತುವೆಯ ಬಳಿ ಬಟ್ಟೆಯ ವ್ಯಾಪಾರಕ್ಕಿಳಿದ ಸಾಹುಕಾರನೊಬ್ಬನನ್ನು ಊಹಿಸಿಕೊಳ್ಳಬಹುದು. ಒಂದೇ ಅಂಗಡಿಯಿದ್ದಾಗ ಸರಕು ಎಷ್ಟು ಬಂತು, ಎಷ್ಟು ಹೋಯಿತು, ಯಾರಿಂದ ಬಾಕಿ ಬರಬೇಕು ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿರುತ್ತದೆ. ಅಂಗಡಿ ಹತ್ತಾಗಿ, ಉಗ್ರಾಣ ಊರಾಚೆಗೆ ಹೋಗಿ, ಆಳುಗಳ ಹೆಸರೇ ಮರೆಯುವಂತಾದಾಗ, ಸರಕಿನ ಬದಲು ಸರಕಿನ ವಿಷಯವಾಗಿ ಮತ್ತೊಬ್ಬರು ಬರೆದ ಕಾಗದವಷ್ಟೇ ಅವನ ಕಣ್ಣಿಗೆ ಬೀಳುತ್ತದೆ. ಕಾಗದ ನಿಜ ನುಡಿಯುತ್ತಿದೆಯೇ ಎಂದು ನೋಡಿಬರಲು ಇನ್ನೊಂದು ಜೊತೆ ಕಣ್ಣು ಬೇಕು. ಕಂಪೆನಿಗಳಲ್ಲಿ ಒಳ ಆಡಿಟ್ ವಿಭಾಗ ಹುಟ್ಟುವುದು ಈ ಗಳಿಗೆಯಲ್ಲಿ.

ಮಾರತ್ತಹಳ್ಳಿಯ ನೆರೆಯಲ್ಲೇ ಇಂಥ ಬೆಳವಣಿಗೆಯ ದೃಷ್ಟಾಂತವಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ವಿಮಾನ ಕಾರ್ಖಾನೆ 1964ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. 2018ರಲ್ಲಿ ಅದರ ಷೇರುಗಳು ಪೇಟೆಗೂ ಬಂದವು. ಷೇರು ಕೊಂಡವನು ಕಾರ್ಖಾನೆಯ ಬಾಗಿಲನ್ನೂ ಕಂಡಿರಲಾರ. ಅಂಥವನ ಹಣಕ್ಕೆ ಕಾವಲಿರಲೆಂದೇ 2013ರ ಕಂಪೆನಿ ಕಾಯಿದೆಯ 138ನೆಯ ವಿಧಿ, ಷೇರುಪೇಟೆಯ ಕಂಪೆನಿಗಳೆಲ್ಲಕ್ಕೂ ಒಳ ಆಡಿಟನ್ನು ಕಡ್ಡಾಯ ಮಾಡಿತು. ಖಾಸಗಿ ಕಂಪೆನಿಯಾದರೂ ವರ್ಷದ ವಹಿವಾಟು 200 ಕೋಟಿ ರೂಪಾಯಿ ಮುಟ್ಟಿದರೆ, ಅಥವಾ ಬ್ಯಾಂಕಿನ ಸಾಲ 100 ಕೋಟಿ ದಾಟಿದರೆ, ಅದಕ್ಕೂ ಈ ಕಟ್ಟಳೆ ತಪ್ಪದು.

ಆತನ ಕೆಲಸದಲ್ಲಿ ಗುಟ್ಟೇನೂ ಇಲ್ಲ. ಸರಕಿಗೆ ಕೊಟ್ಟ ಆರ್ಡರು, ಸರಕು ಬಂದುದಕ್ಕೆ ರಸೀದಿ, ಮಾರಿದವನ ಬಿಲ್ಲು, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುತ್ತಾನೆ. ಮುನ್ಸೂಚನೆಯಿಲ್ಲದೆ ಉಗ್ರಾಣಕ್ಕೆ ಹೋಗಿ ಎಣಿಸುತ್ತಾನೆ. ಆರ್ಡರು ಕೊಟ್ಟವನೇ ಸರಕು ಇಳಿಸಿಕೊಂಡು ಚೆಕ್ಕಿಗೂ ರುಜು ಹಾಕುತ್ತಿದ್ದರೆ ತಡೆಯುತ್ತಾನೆ. ಅಡುಗೆ ಮಾಡಿ, ಬಡಿಸಿ, ಉಂಡವರ ಲೆಕ್ಕವನ್ನೂ ಒಬ್ಬನೇ ಬರೆದರೆ ಪಂಕ್ತಿಯಲ್ಲಿ ಎಷ್ಟು ಎಲೆ ಬಿತ್ತೆಂದು ತಿಳಿಯುವ ಬಗೆ ಯಾವುದು?

ಈ ಕೆಲಸಕ್ಕೆ ಸ್ನೇಹಿತರು ಕಡಮೆ. ಆತ ಕ್ಯಾಂಟೀನಿಗೆ ಬಂದರೆ ನಡೆಯುತ್ತಿದ್ದ ಮಾತು ಹವೆಯ ಕಡೆಗೆ ಹೊರಳುತ್ತದೆ. ಆದರೂ ಆತನಿಂದ ಹೆಚ್ಚು ಉಪಕಾರವಾಗುವುದು ಪ್ರಾಮಾಣಿಕರಿಗೇ. ಉಗ್ರಾಣದಲ್ಲಿ ತೂಕ ಕಡಮೆ ಬಂದಾಗ ಮೊದಲು ಕಳ್ಳನೆನಿಸಿಕೊಳ್ಳುವವನು ಬಡ ಗುಮಾಸ್ತ. ತಪ್ಪು ತಕ್ಕಡಿಯದೆಂದು ಸಾಧಿಸಿ ಅವನ ಮಾನ ಉಳಿಸುವುದು ಇದೇ ಆಡಿಟ್.

ಹಾಗೆಂದು ವಿಭಾಗವೊಂದನ್ನು ತೆರೆದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಅಮೆರಿಕದ ವರ್ಲ್ಡ್‌ಕಾಮ್ ಕಂಪೆನಿಯಲ್ಲಿ 2002ರಲ್ಲಿ ಸಿಂಥಿಯಾ ಕೂಪರ್ ಎಂಬ ಒಳ ಆಡಿಟರು, ಖರ್ಚನ್ನೇ ಆಸ್ತಿಯೆಂದು ಬರೆದಿದ್ದ ಮೋಸವನ್ನು ಸಹೋದ್ಯೋಗಿಗಳೊಡನೆ ರಾತ್ರಿಯ ವೇಳೆ ಗುಟ್ಟಾಗಿ ಶೋಧಿಸಿದರು. ಆಗ ಬೆಳಕಿಗೆ ಬಂದ ಮೊತ್ತ 380 ಕೋಟಿ ಡಾಲರು. ನಮ್ಮ ನೆರೆಯ ಹೈದರಾಬಾದಿನ ಸತ್ಯಂ ಕಂಪೆನಿಯಲ್ಲೂ ಅಂಥದೇ ವಿಭಾಗವಿತ್ತು. ಆದರೂ 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ಲೆಕ್ಕದ ಮೋಸವನ್ನು ಒಪ್ಪಿಕೊಂಡಾಗಲೇ ಲೋಕಕ್ಕೆ ವಿಷಯ ತಿಳಿದದ್ದು. 2015ರಲ್ಲಿ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ 10 ಮಂದಿಯಲ್ಲಿ ಒಳ ಆಡಿಟಿನ ಮಾಜಿ ಮುಖ್ಯಸ್ಥರೂ ಒಬ್ಬರು. ತೀರ್ಪಿನ ವಿರುದ್ಧ ಮೇಲ್ಮನವಿಗಳೂ ಹೋದವು.

ಎರಡೂ ಕಡೆ ಕಣ್ಣಿತ್ತು. ಆದರೆ ಕಂಡದ್ದನ್ನು ಯಾರಿಗೆ ಹೇಳಬೇಕೆಂಬುದೇ ಮುಖ್ಯ. ಕೂಪರ್ ತಮ್ಮ ಮೇಲಧಿಕಾರಿಯನ್ನು ದಾಟಿ ನಿರ್ದೇಶಕ ಮಂಡಲಿಯ ಆಡಿಟ್ ಸಮಿತಿಯ ಬಾಗಿಲು ತಟ್ಟಿದರು. ನಮ್ಮ ಕಾಯಿದೆಯೂ ಅಂಥ ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೇ ಹೆಚ್ಚಿರಬೇಕೆನ್ನುತ್ತದೆ. ಆಡಿಟರನ ಸಂಬಳ, ಬಡ್ತಿ, ವರ್ಗ ಎಲ್ಲವೂ ಆತ ತನಿಖೆ ಮಾಡಬೇಕಾದವನ ಕೈಯಲ್ಲೇ ಇದ್ದರೆ, ಎಷ್ಟು ಚುರುಕಾದ ಕಣ್ಣಾದರೂ ಕ್ರಮೇಣ ಮಂಜಾಗುತ್ತದೆ. ಹೊರವರ್ತುಲ ರಸ್ತೆಯ ಗಾಜಿನ ಸೌಧದಲ್ಲಿ ಹೊಸ ವಿಭಾಗ ತೆರೆಯುವವರು ಅದಕ್ಕೊಂದು ಕೋಣೆ ಹುಡುಕುವ ಮುನ್ನ, ಅದರ ವರದಿಯನ್ನು ಕಹಿಯಾದರೂ ಕೊನೆಯ ಪುಟದವರೆಗೆ ಓದುವವರು ಯಾರೆಂದು ಗೊತ್ತುಮಾಡಿಕೊಳ್ಳುವುದು ಒಳಿತು.