ಮಾವನ ಮನೆಯ ಮಹಡಿ ಶವರ್

ಮಗನ ಮದುವೆಗೆಂದು ನನ್ನ ಸೋದರಮಾವ ಬೆಂಗಳೂರಿನ ಬನಶಂಕರಿಯ ಮನೆಯ ಮೇಲೆ ಮಹಡಿ ಎಬ್ಬಿಸಿದ್ದರು. ಹೊಸ ಬಚ್ಚಲಿಗೆ ಊಟದ ತಟ್ಟೆಯಷ್ಟು ಅಗಲದ ಶವರ್. ಬೀಗರು ಬರುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ತಿರುಗಿಸಿದರೆ ನಡುವಿನ ಕೆಲವು ತೂತುಗಳಲ್ಲಿ ನೀರು ಜಿನುಗಿತು, ಅಷ್ಟೆ. ಕೆಳಗಿನ ಹಳೆಯ ಶವರ್ ಮಾತ್ರ ಭರ್ಜರಿಯಾಗಿ ಸುರಿಯುತ್ತಿತ್ತು.

"ಟ್ಯಾಂಕು ಸಾಲದು, ಎರಡು ಸಾವಿರ ಲೀಟರಿಂದು ಕೂರಿಸ್ತೀನಿ" ಅಂದರು ಮಾವ. ಅಂಗಡಿಯವನು ಪ್ರೆಷರ್ ಪಂಪ್ ತಗೊಳ್ಳಿ ಅಂದ.

ಬಂದ ಪ್ಲಂಬರ್ ಹಳೇ ಕೈ. ಶವರಿನ ಕಡೆ ನೋಡದೆ ನೆಟ್ಟಗೆ ತಾರಸಿ ಹತ್ತಿದ. ಇಟ್ಟಿಗೆ ಕಟ್ಟೆಯ ಮೇಲೆ ಕೂತ ಟ್ಯಾಂಕನ್ನು ತಟ್ಟಿ, "ನೀರಿಗೆ ಎತ್ತರ ಬೇಕು ಸಾರ್, ಹೊಟ್ಟೆ ಅಲ್ಲ" ಅಂದ. ಲೆಕ್ಕ ಸರಿಯಾಗಿತ್ತು. 10 ಮೀಟರ್ ಎತ್ತರದ ನೀರು ಕೊಡುವುದು ಹತ್ತಿರ ಹತ್ತಿರ 1 ಬಾರ್ ಒತ್ತಡ. ಮಹಡಿಯ ಶವರಿಗೂ ಟ್ಯಾಂಕಿನ ನೀರಿಗೂ ನಡುವೆ ಇದ್ದದ್ದು ಒಂದೂವರೆ ಮೀಟರ್; ಅಂದರೆ 0.15 ಬಾರ್. ಕೆಳಗಿನ ಬಚ್ಚಲಿಗೆ ಇನ್ನೂ 3 ಮೀಟರ್ ಇಳಿತ, ಹಾಗಾಗಿ ಮೂರು ಪಟ್ಟು ಒತ್ತಡ. ಟ್ಯಾಂಕಿಗೆ ಹತ್ತಿರವಿದ್ದವರಿಗೇ ಬರಗಾಲ!

ಮಾವ ಸುಮ್ಮನಾಗುವವರಲ್ಲ. "ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಕಾವೇರೀನ ಏರಿಸಿ ತರ್ತಾರೆ. ನನ್ನ ತಲೆ ಮೇಲೆ ಬೀಳಿಸೋಕೆ ಆಗಲ್ವೇನಯ್ಯ?"

"ಅದಕ್ಕೆ ದಾರಿಯುದ್ದಕ್ಕೂ ಪಂಪ್ ಇದೆ ಸಾರ್. ಮೊದಲು ಶವರ್ ಬಿಚ್ಚಿ, ಬಕೆಟ್ ಹಿಡಿಯೋಣ."

ಬಿಚ್ಚಿದ ಪೈಪಿನಿಂದಲೂ ನೀರು ಸಣ್ಣಗೇ ಬಂತು. ಅಂದರೆ ತಪ್ಪು ಎತ್ತರದ್ದೊಂದೇ ಅಲ್ಲ, ಲೈನಿನಲ್ಲೂ ಏನೋ ಅಡ್ಡ ಇದೆ. ಟ್ಯಾಂಕಿನ ಕೆಳಗೆ, ಮಹಡಿಗೆ ಹೋಗುವ ಕವಲಿನಲ್ಲಿ, ಹಳೆಯ ಗೇಟ್ ವಾಲ್ವ್ ಒಂದನ್ನೇ ಮತ್ತೆ ಬಳಸಿದ್ದರು. ಅದರ ಚಕ್ರ ಸಲೀಸಾಗಿ ತಿರುಗುತ್ತಿತ್ತು. ಒಳಗಿನ ತಗಡು ಮಾತ್ರ ಕಂಬಿಯಿಂದ ಕಳಚಿ ಅರ್ಧ ದಾರಿ ಮುಚ್ಚಿಕೊಂಡು ಕೂತಿತ್ತು. ಹೊರಗಿಂದ ನೋಡಿದರೆ ಪೂರ್ತಿ ತೆರೆದ ಹಾಗೇ. ಅದನ್ನು ಕಿತ್ತು ಬಾಲ್ ವಾಲ್ವ್ ಹಾಕಿದ. ಅರ್ಧ ಇಂಚಿನ ಪೈಪು ತೆಗೆದು ಬಚ್ಚಲ ಗೋಡೆಯವರೆಗೆ ಮುಕ್ಕಾಲು ಇಂಚಿನದು ಎಳೆದ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಟ್ಯಾಂಕನ್ನು 2 ಮೀಟರ್ ಮೇಲೆತ್ತಿದರು. ಪಂಪ್ ಬೇಕಾಗಲಿಲ್ಲ.

ತಟ್ಟೆಯಗಲದ ಶವರ್ ಮಾತ್ರ ಆಗಲೂ ಒಪ್ಪಲಿಲ್ಲ. ಅಷ್ಟೊಂದು ತೂತುಗಳಿಗೆ ಹಂಚಿಹೋದರೆ ಒಂದೊಂದಕ್ಕೂ ಎಷ್ಟು ಬಲ ಉಳಿದೀತು? ಅಂಗೈಯಗಲದ್ದೊಂದನ್ನು ಸಿಕ್ಕಿಸಿದ ಮೇಲೆ ನೀರು ನೆತ್ತಿಗೆ ತಾಕುವ ಹಾಗೆ ಬಿತ್ತು.

ಮದುವೆ ದಿನ ಬೆಳಿಗ್ಗೆ ಕೆಳಗೆ ಅತ್ತೆ ಪಾತ್ರೆ ತೊಳೆಯಲು ನಲ್ಲಿ ಬಿಟ್ಟರು. ಮೇಲೆ ಶವರ್ ಸೊರಗಿತು. ಟ್ಯಾಂಕಿನಿಂದ ಇಳಿಯುವ ಪೈಪು ಇಬ್ಬರಿಗೂ ಒಂದೇ. "ಅಮ್ಮಾ, ನಲ್ಲಿ ನಿಲ್ಸು!" ಎಂದು ಸೋಪು ಹಚ್ಚಿಕೊಂಡ ಮದುಮಗ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಮಹಡಿಗೆ ಬೇರೆ ಲೈನ್ ಎಳೆಸಿದ್ದು ಬೀಗರ ಔತಣ ಮುಗಿದ ಮೇಲೆ.