ಕತ್ತಿ ಮುರಿದ ಮೇಲಿನ ಶೀ-ರಾ

ಹಳೇ ಕಾರ್ಟೂನನ್ನ ಹೊಸದಾಗಿ ಮಾಡ್ತಾರಂತೆ ಅಂದ ಕೂಡಲೇ ನನಗೆ ಅನುಮಾನ ಶುರುವಾಗುತ್ತೆ. ಇಂಥವು ಸಾಮಾನ್ಯವಾಗಿ ಹಳೇ ಹೆಸರನ್ನ ಮುಂದಿಟ್ಟುಕೊಂಡು ನಮ್ಮ ಜೇಬಿಗೆ ಕತ್ತರಿ ಹಾಕೋಕೆ ಬರೋವು. ‘ಶೀ-ರಾ ಅಂಡ್ ದ ಪ್ರಿನ್ಸೆಸಸ್ ಆಫ್ ಪವರ್’ ಆ ಜಾತಿಗೆ ಸೇರಲ್ಲ, ಅದಕ್ಕೇ ಅದರ ಬಗ್ಗೆ ಬರೀತಿದೀನಿ. 2018ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, 2020ರ ಮೇ ತಿಂಗಳಲ್ಲಿ ಮುಗೀತು. ಐದು ಸೀಸನ್, 52 ಎಪಿಸೋಡ್. ಲಾಕ್‌ಡೌನ್‌ನಲ್ಲಿ ಒಮ್ಮೆ ನೋಡಿದ್ದೆ, ಈ ಸಲ ಸೆಮ್ ರಜೆಯಲ್ಲಿ ಮತ್ತೆ ಪೂರ್ತಿ ನೋಡಿದೆ. ಮುಂದೆ ಕಥೆಯನ್ನೆಲ್ಲ ಹೇಳಿಬಿಡ್ತೀನಿ. ಮುಗಿದು ಇಷ್ಟು ವರ್ಷ ಆಗಿದೆ, ಸ್ಪಾಯ್ಲರ್ ಅಂತ ಯಾರೂ ಬೈಕೋಬೇಡಿ.

ಮೊದಲು ಹಳೇ ಶೀ-ರಾ ವಿಷಯ. ನಮ್ಮಪ್ಪನಿಗೆ ಹೀ-ಮ್ಯಾನ್ ಗೊತ್ತು, ಶೀ-ರಾ ಅಂದ್ರೆ ‘ಅದ್ಯಾರು?’ ಅಂತಾರೆ. ಅವಳು ಹೀ-ಮ್ಯಾನ್‌ನ ಅವಳಿ ತಂಗಿ. 1983ರಲ್ಲಿ ಹೀ-ಮ್ಯಾನ್ ಸರಣಿ ಬಂತು, ಮ್ಯಾಟಲ್ ಕಂಪನಿಯ ಗೊಂಬೆಗಳು ಗಂಡುಮಕ್ಕಳ ಮಧ್ಯೆ ಚೆನ್ನಾಗಿ ಮಾರಾಟ ಆದವು. ಹೆಣ್ಣುಮಕ್ಕಳಿಗೂ ಒಂದು ಬೇಕಲ್ಲ? 1985ರಲ್ಲಿ ಫಿಲ್ಮೇಶನ್ ಸ್ಟುಡಿಯೋ ಶೀ-ರಾಳನ್ನ ತಂತು. ಅಂದ್ರೆ ಹುಟ್ಟಿದ್ದೇ ಅಂಗಡಿಯ ಶೆಲ್ಫಿಗಾಗಿ. ಆನ್‌ಲೈನ್‌ನಲ್ಲಿ ಕೆಲವು ಎಪಿಸೋಡ್ ನೋಡಿದೆ. ಖರ್ಚು ಉಳಿಸೋಕೆ ಒಂದೇ ಶಾಟನ್ನ ಮತ್ತೆ ಮತ್ತೆ ಹಾಕೋದು ಫಿಲ್ಮೇಶನ್‌ನವರ ಪದ್ಧತಿ, ಅದು ಎದ್ದು ಕಾಣುತ್ತೆ. ಕೊನೆಗೆ ಲೂ-ಕೀ ಅನ್ನೋ ಪುಟಾಣಿ ಪ್ರಾಣಿ ಬಂದು ‘ನಾನು ಎಲ್ಲಿ ಅಡಗಿದ್ದೆ ನೋಡಿದ್ರಾ’ ಅಂತ ಕೇಳಿ ಒಂದು ನೀತಿಪಾಠ ಹೇಳಿ ಹೋಗುತ್ತೆ. ನಗು ಬಂತು, ನಿಜ. ಆದ್ರೂ ಒಂದು ಮಾತು ಒಪ್ಪಬೇಕು. ಆ ಕಾಲಕ್ಕೆ ಒಬ್ಬ ಹೆಣ್ಣು ದಂಗೆಯ ನಾಯಕಿ, ಅವಳ ಸುತ್ತ ಹೋರಾಡೋರಲ್ಲೂ ಹೆಚ್ಚಿನವರು ಹೆಣ್ಣುಮಕ್ಕಳೇ. ಗೊಂಬೆ ಮಾರೋಕೆ ಬಂದವರು ಅಷ್ಟನ್ನಾದ್ರೂ ಕೊಟ್ಟು ಹೋದರು.

ಎರಡರಲ್ಲೂ ಮೂಲಕಥೆ ಒಂದೇ. ಅಡೋರಾ ಅನ್ನೋ ಮಗುವನ್ನ ಹೋರ್ಡ್ ಅನ್ನೋ ದುಷ್ಟ ಸೈನ್ಯ ಸಾಕಿ ತನ್ನ ಕ್ಯಾಪ್ಟನ್ ಮಾಡ್ಕೊಂಡಿರುತ್ತೆ. ಅವಳಿಗೆ ಒಂದು ಮಾಂತ್ರಿಕ ಕತ್ತಿ ಸಿಗುತ್ತೆ, ಶೀ-ರಾ ಆಗ್ತಾಳೆ, ಪಕ್ಷ ಬದಲಿಸ್ತಾಳೆ. ವ್ಯತ್ಯಾಸ ಇರೋದು ಒಂದೇ ಒಂದು ಕಡೆ, ನನ್ನ ಪ್ರಕಾರ ಇಡೀ ರೀಬೂಟ್ ನಿಂತಿರೋದೇ ಅಲ್ಲಿ. ಹಳೇದರಲ್ಲಿ ಅಡೋರಾ ಮೇಲೆ ಶಾಡೋ ವೀವರ್ ಅನ್ನೋ ಮಾಟಗಾತಿ ಮಂತ್ರ ಹಾಕಿರ್ತಾಳೆ. ಮಂತ್ರ ಬಿಟ್ಟಿತು, ಹುಡುಗಿ ಒಳ್ಳೆಯವಳಾದಳು, ಅಷ್ಟೇ. ಹೊಸದರಲ್ಲಿ ಮಂತ್ರ ಇಲ್ಲ. ಅವಳನ್ನ ಬೆಳೆಸಿದ ರೀತಿ ಇದೆ. ಚಿಕ್ಕಂದಿನಿಂದ ‘ರಾಜಕುಮಾರಿಯರು ಅಪಾಯಕಾರಿ, ನಾವು ಲೋಕಕ್ಕೆ ಶಾಂತಿ ತರೋರು’ ಅಂತ ಕೇಳಿ ಕೇಳಿ ಬೆಳೆದವಳು, ಒಂದು ದಿನ ತನ್ನದೇ ಸೈನ್ಯ ಥೇಮೋರ್ ಅನ್ನೋ ಹಳ್ಳಿ ಸುಡೋದನ್ನ ಕಣ್ಣಾರೆ ನೋಡ್ತಾಳೆ. ಮಂತ್ರವಾದ್ರೆ ಬಿಡಿಸಬಹುದು. ಸಾಕಿದವರು ಹೇಳಿಕೊಟ್ಟಿದ್ದನ್ನ ಬಿಡೋಕೆ 52 ಎಪಿಸೋಡ್ ಬೇಕಾಗುತ್ತೆ.

ಆ ಹಳ್ಳಿಯಲ್ಲೇ ಅವಳ ಜೀವದ ಗೆಳತಿ ಕ್ಯಾಟ್ರಾ ಎದುರಾಗ್ತಾಳೆ. ಹಳೇ ಕಾರ್ಟೂನಲ್ಲಿ ಕ್ಯಾಟ್ರಾ ಮುಖವಾಡ ಹಾಕ್ಕೊಂಡು ಚಿರತೆಯಂಥ ಪ್ರಾಣಿ ಆಗೋ ಒಬ್ಬ ಮಾಮೂಲಿ ವಿಲನ್. ಇಲ್ಲಿ ಅಡೋರಾ ಜೊತೆ ಒಂದೇ ಬ್ಯಾರಕ್‌ನಲ್ಲಿ ಬೆಳೆದವಳು, ಒಂದು ಕಣ್ಣು ನೀಲಿ, ಒಂದು ಹಳದಿ. ಅಡೋರಾ ‘ಇವರು ನಮಗೆ ಸುಳ್ಳು ಹೇಳಿದ್ದಾರೆ’ ಅಂದ್ರೆ ಅವಳಿಗೆ ಆಶ್ಚರ್ಯವೇ ಆಗಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು. ಹೊಡೆತ ತಿಂದವಳು ಅವಳು, ಗೊತ್ತಿರದೆ ಇರುತ್ತಾ? ಅವಳಿಗೆ ಕೋಪ ಬರೋದು ಬೇರೆ ಕಾರಣಕ್ಕೆ. ಇಷ್ಟು ದಿನ ನಾನು ಪಟ್ಟ ಕಷ್ಟ ಕಾಣಲಿಲ್ಲ, ಯಾವುದೋ ಊರಿನವರ ಕಷ್ಟ ನೋಡಿ ನನ್ನ ಬಿಟ್ಟು ಹೊರಟಳಲ್ಲ ಅಂತ. ಆ ಸೀನ್‌ನಲ್ಲಿ ಇಬ್ಬರ ಮಾತೂ ಸರಿ. ಮಕ್ಕಳ ಕಾರ್ಟೂನಲ್ಲಿ ಇದನ್ನ ನಾನು ನಿರೀಕ್ಷೆ ಮಾಡಿರಲಿಲ್ಲ.

ಇನ್ನು ಶಾಡೋ ವೀವರ್. ಇವಳ ಬಗ್ಗೆ ಬರೆಯೋಕೆ ನನಗೆ ಬೇರೆ ಕಾರಣಾನೂ ಇದೆ. ಇಬ್ಬರು ಹುಡುಗೀರನ್ನ ಸಾಕಿ, ಒಬ್ಬಳ ತಲೆ ಸವರಿ, ಇನ್ನೊಬ್ಬಳಿಗೆ ದಿನಾ ‘ನೀನು ಏನಕ್ಕೂ ಬರಲ್ಲ’ ಅಂತ ಹೇಳೋ ಹೆಂಗಸು. ನಮ್ಮನೇಲಿ ಮಾಟಗಾತಿಯರು ಯಾರೂ ಇಲ್ಲ, ಆದ್ರೆ ನನಗೊಬ್ಬ ದೊಡ್ಡಪ್ಪನ ಮಗಳಿದ್ದಾಳೆ, ನನಗಿಂತ ನಾಲ್ಕೇ ತಿಂಗಳು ದೊಡ್ಡವಳು. ಒಂದೇ ಬೀದಿ, ಒಂದೇ ಸ್ಕೂಲು, ಒಂದೇ ಸೆಕ್ಷನ್. ನಮ್ಮಿಬ್ಬರಿಗೂ ಮ್ಯಾಥ್ಸ್ ಹೇಳಿಕೊಡ್ತಿದ್ದ ಟ್ಯೂಷನ್ ಮೇಡಂ ಪೇಪರ್ ಕೊಡುವಾಗ ಮೊದಲು ಅವಳದು ಕೊಡೋರು, ಆಮೇಲೆ ನನ್ನದನ್ನ ಅವಳ ಕೈಗೇ ಕೊಟ್ಟು ‘ಇದನ್ನೂ ಸ್ವಲ್ಪ ನೋಡಮ್ಮ, ಏನು ಮಾಡಿದ್ದಾಳೆ ನಿನ್ ತಂಗಿ’ ಅನ್ನೋರು. ಮನೇಲೂ ಅದೇ ರಾಗ. ಸಿಇಟಿ ರಿಸಲ್ಟ್ ಬಂದ ದಿನ ಮೊದಲು ಕೇಳಿದ್ದು ನನ್ನ ರ್‍ಯಾಂಕ್ ಎಷ್ಟು ಅಂತ ಅಲ್ಲ, ಅವಳದಕ್ಕಿಂತ ಎಷ್ಟು ಹಿಂದೆ ಅಂತ. ಅವಳು ಬೇರೆ ಊರಿಗೆ ಹೋದಳು, ನಾನು ಇಲ್ಲಿಗೆ ಬಂದೆ. ಒಂದು ವರ್ಷ ನಮ್ಮಿಬ್ಬರ ಮಾತು ಹಬ್ಬಕ್ಕೆ ಮೆಸೇಜ್ ಹಾಕೋದರಲ್ಲೇ ಮುಗೀತಿತ್ತು.

ಹಾಗಾಗಿ ಕ್ಯಾಟ್ರಾ ನನ್ನವಳು ಅಂತ ನಾನು ಮೊದಲ ಎಪಿಸೋಡಲ್ಲೇ ತೀರ್ಮಾನ ಮಾಡಿದ್ದೆ. ಮೊದಲ ಸೀಸನ್‌ನ ‘ಪ್ರಾಮಿಸ್’ ಅನ್ನೋ 11ನೇ ಎಪಿಸೋಡ್ ದಯವಿಟ್ಟು ನೋಡಿ. ಇಬ್ಬರೂ ಒಂದು ಹಳೇ ಕಟ್ಟಡದೊಳಗೆ ಸಿಕ್ಕಿಹಾಕ್ಕೊಂಡು ತಮ್ಮದೇ ಬಾಲ್ಯವನ್ನ ಎದುರಿಗೇ ನೋಡ್ತಾರೆ. ಅಲ್ಲಿ ಶಾಡೋ ವೀವರ್ ಪುಟ್ಟ ಅಡೋರಾಗೆ, ಕ್ಯಾಟ್ರಾ ತಪ್ಪು ಮಾಡದ ಹಾಗೆ ನೋಡಿಕೊಳ್ಳೋದು ನಿನ್ನ ಜವಾಬ್ದಾರಿ ಅನ್ನೋ ಅರ್ಥದಲ್ಲಿ ಹೇಳೋದಿದೆ. ಈ ರಜೆಯಲ್ಲಿ ಅದನ್ನ ನೋಡಿ, ಯಾಕೋ ಆ ಕ್ಲಿಪ್ಪನ್ನ ಅವಳಿಗೆ ಕಳಿಸಿದೆ. ಅರ್ಧ ಗಂಟೆ ಆದ್ಮೇಲೆ ಫೋನೇ ಬಂತು. ‘ನಿನ್ ಪೇಪರ್ ನನ್ ಕೈಗೆ ಕೊಡ್ತಿದ್ರಲ್ಲ, ಆಗ ನಂಗೆ ಹೊಟ್ಟೆ ತೊಳಸ್ತಿತ್ತು ಕಣೇ. ಪಿಯುಸಿಲಿ ಎರಡು ಟೆಸ್ಟಿನ ಮಾರ್ಕ್ಸ್ ಮನೇಲಿ ಹೇಳೇ ಇಲ್ಲ ನಾನು. ಹೇಳಿದ್ರೆ ನಿಂಗೆ ಬೈಗುಳ ಗ್ಯಾರಂಟಿ ಅಂತ’ ಅಂದಳು. ನಾನು ಸುಮ್ಮನಿದ್ದೆ. ಫಸ್ಟ್ ಬರೋರಿಗೆ ಏನು ಕಷ್ಟ ಇರುತ್ತೆ ಅಂತ ಅಂದುಕೊಂಡಿದ್ದವಳಿಗೆ ಉತ್ತರ ಕೊಡೋಕೆ ಏನೂ ಹೊಳೆಯಲಿಲ್ಲ.

ಇರಲಿ. ನಮ್ಮ ಬ್ರಾಂಚಿನವರಿಗೆ ಇಷ್ಟ ಆಗೋ ಪಾತ್ರಕ್ಕೆ ಬರ್ತೀನಿ. ಎಂಟ್ರಾಪ್ಟಾ. ಉದ್ದದ ಎರಡು ಜಡೆಗಳನ್ನೇ ಕೈಯಂತೆ ಬಳಸ್ತಾಳೆ, ವೆಲ್ಡಿಂಗ್ ಮಾಸ್ಕ್ ಹಾಕ್ಕೊಂಡು ಓಡಾಡ್ತಾಳೆ, ಪ್ರತಿ ಪ್ರಯೋಗವನ್ನೂ ಟೇಪ್ ರೆಕಾರ್ಡರ್‌ನಲ್ಲಿ ಹೇಳಿ ಇಟ್ಕೊಳ್ತಾಳೆ (ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಅಚ್ಚುಕಟ್ಟು), ಪುಟಾಣಿ ಸೈಜಿನ ತಿಂಡಿ ಮಾತ್ರ ತಿಂತಾಳೆ. ಆಟಿಸಂ ಇರೋ ಪಾತ್ರ ಅಂತ ತಂಡದವರೇ ಹೇಳಿದ್ದಾರೆ, ಆದ್ರೆ ಕಥೆ ಅವಳನ್ನ ಕರುಣೆಯಿಂದ ನೋಡಲ್ಲ. ಒಂದು ಕಾರ್ಯಾಚರಣೆಯಲ್ಲಿ ಇವಳು ಸತ್ತಳು ಅಂದ್ಕೊಂಡು ಗೆಳೆಯರು ಬಿಟ್ಟು ಹೋಗ್ತಾರೆ. ಇವಳು ಹೋರ್ಡ್ ಸೇರ್ತಾಳೆ. ದ್ವೇಷಕ್ಕಲ್ಲ, ದುಡ್ಡಿಗೂ ಅಲ್ಲ. ಅಲ್ಲಿ ಒಳ್ಳೇ ಲ್ಯಾಬ್ ಇದೆ, ಕೇಳಿದ್ದೆಲ್ಲ ಕೊಡ್ತಾರೆ, ಯಾರೂ ‘ಇದು ಯಾಕೆ’ ಅಂತ ಕೇಳಲ್ಲ. ಇವಳು ಮಾಡಿಕೊಟ್ಟ ಯಂತ್ರಗಳು ಯಾರ ಮನೆ ಮೇಲೆ ಬೀಳ್ತವೆ ಅನ್ನೋದು ಇವಳ ಡೇಟಾದಲ್ಲಿ ಬರೋದೇ ಇಲ್ಲ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಪ್ಯಾಕೇಜ್ ಬಿಟ್ಟು ಬೇರೇನೂ ಕೇಳದ ಸೀನಿಯರ್ಸ್ ನೆನಪಾದ್ರು, ತಪ್ಪು ತಿಳಿಯಬೇಡಿ ಅಣ್ಣಂದಿರೇ. ಆದ್ರೆ ಮೂರನೇ ಸೀಸನ್‌ನಲ್ಲಿ ಪೋರ್ಟಲ್ ಯಂತ್ರ ರೆಡಿ ಆದಾಗ, ಇದನ್ನ ಆನ್ ಮಾಡಿದ್ರೆ ಲೋಕವೇ ಛಿದ್ರ ಆಗುತ್ತೆ ಅಂತ ಲೆಕ್ಕದಲ್ಲಿ ಬರುತ್ತೆ. ಅಲ್ಲಿ ಎಂಟ್ರಾಪ್ಟಾ ‘ಬೇಡ’ ಅಂತಾಳೆ. ಕಟ್ಟಿದವಳೇ ಬೇಡ ಅಂತಾಳೆ. ಕ್ಯಾಟ್ರಾ ಅವಳಿಗೆ ಶಾಕ್ ಕೊಟ್ಟು ಬೀಸ್ಟ್ ಐಲ್ಯಾಂಡಿಗೆ ಅಟ್ಟಿ, ತಾನೇ ಲಿವರ್ ಎಳೀತಾಳೆ. ನಮ್ಮ ಸಿಲಬಸ್‌ನ ಎಥಿಕ್ಸ್ ಪೇಪರಿಗಿಂತ ಈ ಒಂದು ಸೀನ್ ನನಗೆ ಜಾಸ್ತಿ ಅರ್ಥ ಆಯ್ತು.

ಆ ಪೋರ್ಟಲ್ಲನ್ನ ಮುಚ್ಚೋಕೆ ಹೋಗಿ ರಾಣಿ ಏಂಜೆಲ್ಲಾ ಒಳಗೇ ಉಳೀತಾಳೆ. ಅವಳಿಗೆ ದನಿ ಕೊಟ್ಟಿರೋದು ರೇಷ್ಮಾ ಶೆಟ್ಟಿ. ಕ್ರೆಡಿಟ್ಸ್‌ನಲ್ಲಿ ಶೆಟ್ಟಿ ಅಂತ ನೋಡಿ ನಮ್ಮ ಮಂಗಳೂರು ರೂಂಮೇಟ್ ಹಾಸಿಗೆಯಿಂದ ಎದ್ದು ಕೂತಳು.

ಕತ್ತಿ ವಿಷಯಾನೂ ಹೇಳ್ಬೇಕು. ಹಳೇ ಸರಣಿಯಲ್ಲಿ ಕತ್ತಿ ಅಂದ್ರೆ ಕತ್ತಿ, ವರ. ಹೊಸದರಲ್ಲಿ ಅದು ‘ಫಸ್ಟ್ ಒನ್ಸ್’ ಅನ್ನೋ ಹಳೇ ಜನ ಮಾಡಿಟ್ಟ ಯಂತ್ರ. ಇಡೀ ಗ್ರಹವನ್ನೇ ಅವರು ಒಂದು ಆಯುಧ ಮಾಡಿಟ್ಟಿದ್ದಾರೆ, ಶೀ-ರಾ ಅದರ ಕೀಲಿ, ಕತ್ತಿ ಅವಳನ್ನ ಹಿಡಿತದಲ್ಲಿಡೋ ಸಾಧನ. ಹಿಂದಿನ ಶೀ-ರಾ ಆಗಿದ್ದ ಮಾರಾ ಇದನ್ನ ತಡೆಯೋಕೆ ಗ್ರಹವನ್ನ ನಕ್ಷತ್ರಗಳೇ ಇಲ್ಲದ ಖಾಲಿ ಜಾಗಕ್ಕೆ ತಳ್ಳಿರ್ತಾಳೆ. ಅಲ್ಲಿನ ಮಕ್ಕಳು ಚುಕ್ಕಿ ನೋಡೇ ಇಲ್ಲ. ನಾಲ್ಕನೇ ಸೀಸನ್ ಕೊನೆಗೆ ಅಡೋರಾ ಕತ್ತಿಯನ್ನ ತಾನೇ ಮುರೀತಾಳೆ. ಗೊಂಬೆ ಮಾರೋಕೆ ಹುಟ್ಟಿದ ಪಾತ್ರ ತನ್ನ ಮುಖ್ಯ ಆಟಿಕೆಯನ್ನೇ ಮುರಿಯೋದು! ಆಮೇಲೆ ಐದನೇ ಸೀಸನ್‌ನಲ್ಲಿ ಕತ್ತಿಯಿಲ್ಲದೆ ಅವಳು ಶೀ-ರಾ ಆಗೋದನ್ನ ನೋಡಿ ನಾನು ಹಾಸ್ಟೆಲ್‌ನಲ್ಲಿ ಕಿರುಚಿದ್ದು ಪಕ್ಕದ ರೂಮಿಗೂ ಕೇಳಿಸಿತಂತೆ.

ಹುಳುಕು ಇಲ್ಲ ಅಂತಲ್ಲ. ಯುದ್ಧದ ಸೀನ್‌ಗಳು ಬಡಕಲು, ಎರಡು ಸೈನ್ಯ ಅಂದ್ರೆ ಎರಡೂ ಕಡೆ ಸೇರಿ ಒಂದು ಕಬಡ್ಡಿ ಮ್ಯಾಚಿಗಾಗುವಷ್ಟು ಜನ. ಎರಡನೇ ಸೀಸನ್ 7 ಎಪಿಸೋಡಿಗೇ ಎಲ್ಲೋ ಮಧ್ಯದಲ್ಲಿ ನಿಂತಂತೆ ಅನ್ನಿಸುತ್ತೆ. ಶಾಡೋ ವೀವರ್ ಕೊನೆಗೆ ಪ್ರಾಣ ಕೊಟ್ಟು ಇಬ್ಬರನ್ನೂ ಉಳಿಸ್ತಾಳೆ, ನನಗೆ ಅದು ಒಪ್ಪಿಗೆಯಾಗಲಿಲ್ಲ. ಹತ್ತು ನಿಮಿಷದ ತ್ಯಾಗಕ್ಕೆ ಇಡೀ ಬಾಲ್ಯ ವಜಾ ಆಗಲ್ಲ. 2018ರಲ್ಲಿ ಮೊದಲ ಚಿತ್ರಗಳು ಹೊರಬಂದಾಗ ಮಾತ್ರ ಗಲಾಟೆ ಎದ್ದಿದ್ದು ಇಂಥ ಯಾವುದಕ್ಕೂ ಅಲ್ಲ, ಶೀ-ರಾ ‘ಸಾಕಷ್ಟು ಸೆಕ್ಸಿಯಾಗಿಲ್ಲ’ ಅಂತ. ಸ್ಕರ್ಟ್ ಕೆಳಗೆ ಚಡ್ಡಿ ಹಾಕ್ಕೊಂಡು ಯುದ್ಧಕ್ಕೆ ಹೋಗೋ ಹದಿಹರೆಯದ ಹುಡುಗಿಯನ್ನ ನೋಡಿ ಸಿಟ್ಟಾದ ದೊಡ್ಡ ಗಂಡಸರ ಬಗ್ಗೆ ಇಲ್ಲಿ ಜಾಗ ವೇಸ್ಟ್ ಮಾಡಲ್ಲ.

ಕೊನೆಯಲ್ಲಿ ಅಡೋರಾ, ಕ್ಯಾಟ್ರಾ ಪರಸ್ಪರ ಪ್ರೀತಿ ಹೇಳ್ಕೊಳ್ತಾರೆ. ಸರಣಿ ಕಟ್ಟಿದ ಎನ್.ಡಿ. ಸ್ಟೀವನ್ಸನ್ ಇದನ್ನ ಮೊದಲಿನಿಂದಲೂ ಬಿತ್ತುತ್ತಾ ಬಂದಿದ್ದಾರೆ, ಎರಡನೇ ಸಲ ನೋಡುವಾಗ ಗೊತ್ತಾಗುತ್ತೆ. ನಮ್ಮ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿದ್ದು 2018ರ ಸೆಪ್ಟೆಂಬರ್‌ನಲ್ಲಿ, ಈ ಸರಣಿ ಶುರುವಾಗೋಕೆ ಎರಡು ತಿಂಗಳ ಮೊದಲು. ಇಬ್ಬರು ಹುಡುಗೀರ ಪ್ರೀತಿಯಿಂದ ಲೋಕ ಉಳಿಯೋದನ್ನ ಮಕ್ಕಳ ಸರಣಿಯೊಂದು ಇಷ್ಟು ಸಲೀಸಾಗಿ ತೋರಿಸಿದ್ದು ನನಗೆ ಖುಷಿ ಕೊಟ್ಟಿತು.

ಕ್ಷಮೆ ವಿಷಯದಲ್ಲಿ ಮಾತ್ರ ನನ್ನ ತಕರಾರು ಇದೆ. ಲಿವರ್ ಎಳೆದವಳು ಕ್ಯಾಟ್ರಾ, ಅದರಿಂದ ಅಮ್ಮನನ್ನ ಕಳಕೊಂಡವಳು ಗ್ಲಿಮ್ಮರ್. ಐದನೇ ಸೀಸನ್‌ನಲ್ಲಿ ಕ್ಯಾಟ್ರಾ ತನ್ನ ಜೀವ ಒತ್ತೆ ಇಟ್ಟು ಗ್ಲಿಮ್ಮರ್‌ನ ಶತ್ರುವಿನ ಹಡಗಿಂದ ಪಾರು ಮಾಡ್ತಾಳೆ, ಸರಿ. ಆಮೇಲೆ ಕೆಲವೇ ಎಪಿಸೋಡಲ್ಲಿ ಎಲ್ಲರೂ ಜೊತೆ ಕೂತು ಜೋಕ್ ಮಾಡೋದಾ? ಕ್ಯಾಟ್ರಾ ನನ್ನವಳು ಅಂದುಕೊಂಡಿರೋ ನನಗೇ ಅದು ಅಗ್ಗ ಅನ್ನಿಸ್ತು. ನೋವು ತಿಂದವಳು ಅನ್ನೋದು ಲೈಸೆನ್ಸ್ ಅಲ್ಲ. ನನ್ನ ದೊಡ್ಡಪ್ಪನ ಮಗಳು ಇದನ್ನ ಒಪ್ಪಲ್ಲ. ಕ್ಷಮಿಸಿದವರಿಗೇ ಇಲ್ಲದ ಕಷ್ಟ ನಿಂಗ್ಯಾಕೆ, ಅಡೋರಾಗೆ ಬೇಕಾಗಿದ್ದು ನ್ಯಾಯ ಅಲ್ಲ, ಗೆಳತಿ ಅಂತಾಳೆ. ಮೊನ್ನೆ ಶನಿವಾರ ರಾತ್ರಿ ಒಂದೂವರೆವರೆಗೂ ಫೋನಲ್ಲಿ ಇದೇ ಜಗಳ. ಇಂಟರ್ನಲ್ಸ್ ಮುಗಿದ ಮೇಲೆ ಐದನೇ ಸೀಸನ್ ಇನ್ನೊಮ್ಮೆ ನೋಡಿ ಲಿಸ್ಟ್ ಮಾಡ್ಕೊಂಡು ಬರ್ತಾಳಂತೆ, ನಾನೂ ಮಾಡ್ತಿದೀನಿ.